ಆರು ಪಥದ ರಸ್ತೆ ಹಾಕಿದರೂ ಲಾರಿಗಳು ಒಂದೇ ಸಾಲಿನಲ್ಲಿ ನಿಲ್ಲುವುದೇಕೆ?

ಹೊಳೆಯಾಚೆ ಮೇಯರ್

ಎಲ್ಲರಿಗೂ ನಮಸ್ಕಾರ. ಸಿಟೀಸ್: ಸ್ಕೈಲೈನ್ಸ್ ಎಂಬ ನಗರ ಕಟ್ಟುವ ಕಂಪ್ಯೂಟರ್ ಆಟದ ಮೊದಲನೆಯ ಭಾಗದಲ್ಲಿ, ಅಂದರೆ 2015ರದ್ದರಲ್ಲಿ, ಒಂದು ಊರು ಕಟ್ಟುತ್ತಿದ್ದೇನೆ. ಶುರುವಿನಲ್ಲೇ ಎಡಬದಿ ಸಂಚಾರ ಆಯ್ದುಕೊಂಡಿದ್ದೇನೆ. ಬಲಬದಿಯಲ್ಲಿ ಓಡುವ ಬಸ್ ನೋಡಿದರೆ ನನಗೆ ತಲೆ ತಿರುಗುತ್ತದೆ. ಜನಸಂಖ್ಯೆ 62 ಸಾವಿರ. ಸಂಚಾರ ಎಷ್ಟು ಸರಾಗ ಎಂದು ಆಟ ತೋರಿಸುವ ಹರಿವಿನ ಅಂಕ ಶೇ 61ಕ್ಕೆ ಇಳಿದಿದೆ.

ಊರಿನ ನಕ್ಷೆ ಹೀಗಿದೆ: ಪಶ್ಚಿಮಕ್ಕೆ ಹೆದ್ದಾರಿ. ಅದರಿಂದ ಇಳಿದರೆ ಊರಿನ ಉದ್ದಕ್ಕೂ ಆರು ಪಥದ ಒಂದೇ ರಸ್ತೆ, ಹೆಸರು ರಾಜಬೀದಿ. ಅದರ ಒಂದು ಬದಿ ಕೈಗಾರಿಕಾ ಪ್ರದೇಶ, ಇನ್ನೊಂದು ಬದಿ ಮನೆಗಳು, ತುದಿಯಲ್ಲಿ ಅಂಗಡಿ ಮತ್ತು ಕಚೇರಿಗಳು. ಕಾರ್ಖಾನೆಯಿಂದ ಹೆದ್ದಾರಿಗೆ ಹೊರಟ ಲಾರಿಗಳು ರಾಜಬೀದಿಯ ಒಂದೇ ಲೇನಿನಲ್ಲಿ ಸಾಲುಗಟ್ಟಿ ನಿಂತಿವೆ. ಪಕ್ಕದ ಎರಡು ಲೇನ್‌ಗಳು ಖಾಲಿ ಬಿದ್ದಿವೆ. ಆ ಸಾಲಿನಲ್ಲೇ ಶವವಾಹನ, ಕಸದ ಲಾರಿ, ಆಂಬುಲೆನ್ಸ್ ಎಲ್ಲವೂ ಸಿಕ್ಕಿಕೊಂಡು, ಹೆಣ ಸಾಗಿಸದೆ ಉಳಿದ ಮನೆಗಳ ಮೇಲೆ ತಲೆಬುರುಡೆಯ ಗುರುತು ಕಾಣಿಸಿಕೊಳ್ಳುತ್ತಿದೆ.

ಮೊದಲು ನಾಲ್ಕು ಪಥವಿತ್ತು, ಆರು ಮಾಡಿದೆ. ಸಾಲು ಒಂದು ಗೇಣೂ ಕುಗ್ಗಲಿಲ್ಲ. ಹೆದ್ದಾರಿಯಿಂದ ಊರ ನಡುವಿಗೆ ಒಂದು ಮೇಲ್ಸೇತುವೆ ಹಾಕಿಬಿಡಲೇ? ಸದ್ಯಕ್ಕೆ ಯಾವ ಮಾಡ್ (ಆಟಗಾರರೇ ಮಾಡಿದ ಮಾರ್ಪಾಡು) ಕೂಡ ಬಳಸುತ್ತಿಲ್ಲ.

ಲೇನ್ ಲೆಕ್ಕಿಗ

ಮೇಲ್ಸೇತುವೆ ಬೇಡ. ರಸ್ತೆ ಕಿರಿದಾಗಿದೆ ಎಂದು ಸಾಲು ನಿಂತಿಲ್ಲ.

ಈ ಆಟದಲ್ಲಿ ವಾಹನ ಹೊರಡುವ ಹೊತ್ತಿಗೇ ಅದರ ದಾರಿ ಪೂರ್ತಿ ನಿಶ್ಚಯವಾಗಿರುತ್ತದೆ, ಯಾವ ಲೇನ್ ಎಂಬುದೂ ಸೇರಿ. ನಡುವೆ ದಟ್ಟಣೆ ಎದುರಾದರೆ ಬೇರೆ ದಾರಿ ಹುಡುಕುವ ಬುದ್ಧಿ ಅದಕ್ಕಿಲ್ಲ. ಮುಂದಿನ ತಿರುವಿಗೆ ಯಾವ ಲೇನಿನಿಂದ ಹೋಗಬೇಕೋ ಅದನ್ನು ಬಹಳ ಹಿಂದಿನಿಂದಲೇ ಹಿಡಿದುಕೊಂಡು ಬರುತ್ತದೆ. ನಿಮ್ಮ ಲಾರಿಗಳಿಗೆಲ್ಲ ತಿರುವು ಒಂದೇ, ಹೆದ್ದಾರಿಗೆ ಹತ್ತಿಸುವ ಕವಲುರಸ್ತೆ, ಅಂದರೆ ಹೆದ್ದಾರಿಯ ರ‍್ಯಾಂಪ್. ಅದು ಒಂದು ಪಥದ್ದಾದರೆ ಹಿಂದಿನ ರಸ್ತೆ ಆರು ಪಥವಾದರೇನು, ಹದಿನಾರಾದರೇನು?

ಲೆಕ್ಕ ಸರಳ. ಕೂಡುವ ಜಾಗಕ್ಕೆ ಎಷ್ಟು ಪಥ ಬರುತ್ತವೆಯೋ ಅಷ್ಟೇ ಪಥ ಅಲ್ಲಿಂದ ಹೊರಡಬೇಕು. ಮೂರು ಪಥದ ಹೆದ್ದಾರಿಯಿಂದ ಒಂದು ಪಥ ಹೊರಗೆ ಇಳಿದರೆ ಮುಂದೆ ಎರಡನ್ನೇ ಉಳಿಸಿ. ಆಚೆ ಒಂದು ಪಥ ಬಂದು ಸೇರುವಲ್ಲಿ ಮತ್ತೆ ಮೂರು ಮಾಡಿ. ಆಗ ಒಳಗೆ ಬಂದ ವಾಹನ ಯಾರಿಗೂ ಅಡ್ಡ ನುಗ್ಗದೆ ತನ್ನದೇ ಪಥದಲ್ಲಿ ಮುಂದುವರಿಯುತ್ತದೆ. ಎರಡು ಪಥದ ಹೆದ್ದಾರಿ ಬಂದದ್ದು 2017ರ ಮಾಸ್ ಟ್ರಾನ್ಸಿಟ್ ವಿಸ್ತರಣೆಯಲ್ಲಿ, ಅಂದರೆ ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗದಲ್ಲಿ. ಅದು ನಿಮ್ಮಲ್ಲಿಲ್ಲದಿದ್ದರೆ ಎರಡು ಪಥದ ಮಾಮೂಲಿ ಏಕಮುಖ ರಸ್ತೆಯನ್ನೇ ಬಳಸಿ, ವೇಗ ಸ್ವಲ್ಪ ಕಡಿಮೆ ಅಷ್ಟೆ.

ಒಂದು ಪ್ರಶ್ನೆ: ರಾಜಬೀದಿಗೆ ಎಷ್ಟು ಅಡ್ಡರಸ್ತೆಗಳು ಬಂದು ಕೂಡುತ್ತವೆ?

ಹೊಳೆಯಾಚೆ ಮೇಯರ್

ಎಣಿಸಿದೆ. ಎರಡೂ ಬದಿ ಸೇರಿ 14. ಮೊದಲನೆಯದು ರ‍್ಯಾಂಪಿಗೆ ಅಂಟಿಕೊಂಡೇ ಇದೆ.

ಹಳೇ ಸಿಮ್

ಹದಿನಾಲ್ಕು ಅಡ್ಡರಸ್ತೆ ಕೂಡಿದ ಮೇಲೆ ಅದನ್ನು ರಾಜಬೀದಿ ಎನ್ನಬೇಡಿ ಮೇಯರ್ ಅವರೇ, ಬಾಚಣಿಗೆ ಎನ್ನಿ.

ನಾನು 2003ರ ಸಿಮ್‌ಸಿಟಿ 4 ಎಂಬ ಹಳೆಯ ನಗರ ಕಟ್ಟುವ ಆಟ ಆಡಿ ಬೆಳೆದವನು. ಅಲ್ಲಿ ಪರದೆಯ ಮೇಲೆ ಓಡುವ ಕಾರು ಬರೀ ಅಲಂಕಾರ. ಒಳಗೆ ನಡೆಯುತ್ತಿದ್ದದ್ದು ಮನೆಯಿಂದ ಕೆಲಸಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕ. ಹೊತ್ತು ಮೀರಿದರೆ ಮನೆ ಖಾಲಿ. ಹಾಗಾಗಿ ಯಾವುದನ್ನು ಎಲ್ಲಿ ಇಡಬೇಕು ಎಂದು ಮೊದಲು ಯೋಚಿಸಿ, ರಸ್ತೆಯನ್ನು ಆಮೇಲೆ ಎಳೆಯುವ ಅಭ್ಯಾಸ ಬಂತು. ಅದರಲ್ಲೂ ಹುಚ್ಚುತನ ಇಲ್ಲದಿರಲಿಲ್ಲ. ಅಕ್ಕಪಕ್ಕದ ಊರುಗಳ ಗಡಿಯಲ್ಲಿ ರಸ್ತೆಗಳು ಸುತ್ತು ಹಾಕುವಂತೆ ಜೋಡಿಸಿಬಿಟ್ಟರೆ, ಕೆಲಸ ಹುಡುಕಿ ಹೊರಟವನು ಒಂದು ಊರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ ತಿರುಗುತ್ತಲೇ ಇರುತ್ತಿದ್ದ. ನಿತ್ಯ ಪ್ರಯಾಣಿಕರು ಎಂದು ಆಡುವವರು ಅವರನ್ನು ಕರೆಯುತ್ತಿದ್ದರು. ಕೆಲಸ ಸಿಗುವುದಿಲ್ಲ, ಗಡಿಯ ರಸ್ತೆ ಮಾತ್ರ ತುಂಬಿ ತುಳುಕುತ್ತದೆ.

2013ರ ಸಿಮ್‌ಸಿಟಿಯ ಮಾತು ಬೇಡವೇ ಬೇಡ. ಅಲ್ಲಿ ಸಂಜೆ ಕೆಲಸ ಬಿಟ್ಟವನು ತನ್ನ ಮನೆಗೆ ಹೋಗುತ್ತಿರಲಿಲ್ಲ, ಖಾಲಿ ಇರುವ ಯಾವುದೋ ಮನೆಗೆ ಹೋಗಿ ಮಲಗುತ್ತಿದ್ದ.

ನಿಮ್ಮ ಊರಿನ ರೋಗ ಲೇನ್ ಅಲ್ಲ. ಕಾರ್ಖಾನೆಯ ಲಾರಿಗೂ ಮನೆಯವರ ಕಾರಿಗೂ ಒಂದೇ ಬಾಗಿಲು ಇಟ್ಟಿದ್ದೀರಿ, ಅದು.

ಸಿಗ್ನಲ್ ಕಂಬ

ಇಬ್ಬರ ಮಾತೂ ಒಂದೇ ಕಡೆಗೆ ಬರುತ್ತದೆ. ನನ್ನ ಹೊಟ್ಟೆಪಾಡು ಸಂಚಾರ ಎಂಜಿನಿಯರಿಂಗ್. ಹಗಲು ನಿಜವಾದ ಜಂಕ್ಷನ್, ರಾತ್ರಿ ಆಟದ ಜಂಕ್ಷನ್.

ತಡೆಯಿಲ್ಲದೆ ಹರಿದರೆ ಒಂದು ಪಥದಲ್ಲಿ ಗಂಟೆಗೆ ಸುಮಾರು 1,800ರಿಂದ 2,000 ಕಾರು ಹೋಗಬಹುದು ಎಂದು ನಾವು ಲೆಕ್ಕ ಹಾಕುತ್ತೇವೆ. ಅಲ್ಲಿ ಒಂದು ಸಿಗ್ನಲ್ ಇಟ್ಟು ಅರ್ಧ ಹೊತ್ತು ಹಸಿರು ಕೊಟ್ಟರೆ ಆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ರಸ್ತೆಯ ಶಕ್ತಿ ಎಂದರೆ ಅದರ ಜಂಕ್ಷನ್ನಿನ ಶಕ್ತಿ, ಅಗಲವಲ್ಲ. ಸ್ಕೈಲೈನ್ಸ್‌ನಲ್ಲಿ ದೊಡ್ಡ ರಸ್ತೆಗಳು ಕೂಡುವ ಕಡೆ ಆಟ ತಾನಾಗಿಯೇ ಸಿಗ್ನಲ್ ನೆಡುತ್ತದೆ. ನೀವು ನಾಲ್ಕನ್ನು ಆರು ಮಾಡಿದಾಗ ಪಥದ ಜೊತೆಗೆ ಸಿಗ್ನಲ್‌ಗಳೂ ಹೆಚ್ಚಿರಬಹುದು, ನೋಡಿ. ಮಾಸ್ ಟ್ರಾನ್ಸಿಟ್ ಜೊತೆ ಬಂದ ಉಚಿತ ಪರಿಷ್ಕರಣೆಯಿಂದ ಈಚೆಗೆ, ಮಾಡ್ ಇಲ್ಲದೆಯೂ ಸಿಗ್ನಲ್ ತೆಗೆದು ಸಣ್ಣ ರಸ್ತೆಗೆ ನಿಲುಗಡೆ ಫಲಕ ಹಾಕಬಹುದು. ಅದೇ ಪರಿಷ್ಕರಣೆಯಲ್ಲಿ ಮಾರ್ಗಗಳ ನೋಟವೂ ಬಂತು. ಒಂದು ರಸ್ತೆಯನ್ನು ಒತ್ತಿದರೆ ಅದರ ಮೇಲಿರುವವರು ಎಲ್ಲಿಂದ ಎಲ್ಲಿಗೆ ಹೊರಟಿದ್ದಾರೆ ಎಂದು ಬಣ್ಣದ ಗೆರೆಗಳಲ್ಲಿ ತೋರಿಸುತ್ತದೆ. ಮೇಯರ್ ಅವರು ಏನನ್ನೂ ಕೆಡಹುವ ಮೊದಲು ರಾಜಬೀದಿಯನ್ನು ಒತ್ತಿ ನೋಡಲಿ. ಇಂಥ ನಕ್ಷೆ ನಿಜವಾದ ಊರಿಗೆ ಬೇಕೆಂದರೆ ಮನೆಮನೆ ಸಮೀಕ್ಷೆ ಮಾಡಿಸಬೇಕು. ನಿಮಗೆ ಪುಕ್ಕಟೆ ಸಿಗುತ್ತಿದೆ.

ಇನ್ನು ವಿನ್ಯಾಸ. ರಸ್ತೆಗಳಿಗೂ ಶ್ರೇಣಿ ಬೇಕು ಎಂಬ ಮಾತನ್ನು ಬ್ರಿಟನ್ನಿನಲ್ಲಿ 1963ರಲ್ಲಿ ಕಾಲಿನ್ ಬ್ಯುಕ್ಯಾನನ್ ನೇತೃತ್ವದ ವರದಿ ಬಹಳ ಗಟ್ಟಿಯಾಗಿ ಹೇಳಿತು. ಮನೆ ಇರುವುದು ಒಳರಸ್ತೆಯಲ್ಲಿ. ಒಳರಸ್ತೆಗಳು ಒಂದು ಸಂಗ್ರಾಹಕ ರಸ್ತೆಗೆ ಕೂಡಬೇಕು. ಸಂಗ್ರಾಹಕಗಳು ಮಾತ್ರ ದೂರದೂರದಲ್ಲಿ ಹೆದ್ದಾರಿಯಂಥ ದೊಡ್ಡ ರಸ್ತೆಗೆ ಸೇರಬೇಕು. ಹದಿನಾಲ್ಕರ ಬದಲು ಮೂರು ಜಂಕ್ಷನ್ ಉಳಿಸಿ. ಉಳಿದ ಅಡ್ಡರಸ್ತೆಗಳ ಬಾಯಿ ಮುಚ್ಚಿ, ಹಿಂದಿನಿಂದ ಒಂದು ಸಂಗ್ರಾಹಕಕ್ಕೆ ತಿರುಗಿಸಿ.

ಹತ್ತನೇ ಅಡ್ಡರಸ್ತೆ

ಶ್ರೇಣಿ ಎಂದರೆ ಊರನ್ನು ಅಮೆರಿಕದ ಉಪನಗರ ಮಾಡುವುದು ಎಂದಾಗಿಬಿಟ್ಟಿದೆ. ಚೌಕಳಿ ಬಡಾವಣೆಗೆ ಏನು ಕಡಿಮೆ? ನಾನು ಬೆಂಗಳೂರಿನ ಜಯನಗರವನ್ನು ಆಟದಲ್ಲಿ ಕಟ್ಟುತ್ತಿದ್ದೇನೆ. 1948ರಲ್ಲಿ ಆರಂಭವಾದ ಬಡಾವಣೆ, ಬ್ಲಾಕ್, ಮುಖ್ಯರಸ್ತೆ, ಅಡ್ಡರಸ್ತೆ ಎಲ್ಲ ಅಚ್ಚುಕಟ್ಟು, ನಾಲ್ಕನೇ ಬ್ಲಾಕ್ ನಡುವೆ ವಾಣಿಜ್ಯ ಸಂಕೀರ್ಣ. ಆಟದಲ್ಲಿ ಒಂದು ಚೌಕ ಎಂದರೆ 8 ಮೀಟರ್, ಕಟ್ಟಡಕ್ಕೆ ರಸ್ತೆಯಿಂದ ನಾಲ್ಕು ಚೌಕದ ಆಳ ಸಿಗುತ್ತದೆ. ಹಾಗಾಗಿ ಎರಡು ಸಾಲು ಮನೆ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಎಂಟು ಚೌಕ, ಆಮೇಲೆ ಎರಡು ಚೌಕ ಅಗಲದ ಸಣ್ಣ ರಸ್ತೆ. ಜಾಗ ಒಂದಿಷ್ಟೂ ಪೋಲಾಗುವುದಿಲ್ಲ. ಬಾರ್ಸಿಲೋನಾದಲ್ಲಿ ಎಂಜಿನಿಯರ್ ಸೆರ್ದಾ 1859ರಲ್ಲಿ ಹಾಕಿದ ಯೋಜನೆಯೂ ಚೌಕಳಿಯೇ, ಒಂದೊಂದು ಬ್ಲಾಕ್ ಸುಮಾರು 113 ಮೀಟರ್. ಅದನ್ನು ಯಾರೂ ಬಾಚಣಿಗೆ ಎನ್ನುವುದಿಲ್ಲವಲ್ಲ.

ಲೇನ್ ಲೆಕ್ಕಿಗ

113 ಮೀಟರ್ ಎಂದರೆ ಆಟದ 14 ಚೌಕ. ನಿಮ್ಮದು ರಸ್ತೆ ಸೇರಿಸಿದರೂ 10. ಅಂದರೆ ಅಷ್ಟೇ ದೂರಕ್ಕೆ ನಿಮ್ಮಲ್ಲಿ ಜಂಕ್ಷನ್ ಹೆಚ್ಚು. ಮೇಲಾಗಿ ಆ ಬ್ಲಾಕ್‌ಗಳ ಮೂಲೆಗಳನ್ನು ಸೆರ್ದಾ ಓರೆಯಾಗಿ ಕತ್ತರಿಸಿದ್ದಾನೆ, ಅಲ್ಲಿನ ಹೆಚ್ಚಿನ ಬೀದಿಗಳು ಇಂದು ಏಕಮುಖ.

ಚೌಕಳಿ ಕೆಟ್ಟದ್ದಲ್ಲ. ಚೌಕಳಿಯ ಎಲ್ಲ ಗೆರೆಗಳನ್ನೂ ಒಂದೇ ದರ್ಜೆಯ ರಸ್ತೆಯಿಂದ ಎಳೆಯುವುದು ಕೆಟ್ಟದ್ದು. ಒಳಗೆಲ್ಲ ಸಣ್ಣ ಎರಡು ಪಥ ಇಡಿ, ಅಲ್ಲಿ ಸಿಗ್ನಲ್ ಬರುವುದಿಲ್ಲ, ವಾಹನಗಳು ತಾವೇ ನುಸುಳಿಕೊಂಡು ಹೋಗುತ್ತವೆ. ಅಕ್ಕಪಕ್ಕದ ಬೀದಿಗಳನ್ನು ಎದುರುಬದುರು ದಿಕ್ಕಿನ ಏಕಮುಖ ಮಾಡಿದರೆ ಜಂಕ್ಷನ್ನಿನಲ್ಲಿ ಅಡ್ಡ ಹಾಯುವ ತಿರುವುಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ.

ಹೌಟೆನ್ ಹತ್ತಿರದವಳು

ನೆದರ್‌ಲ್ಯಾಂಡ್ಸ್‌ನಿಂದ ಬರೆಯುತ್ತಿದ್ದೇನೆ. ನೀವೆಲ್ಲ ಕಾರನ್ನು ಹೇಗೆ ಸಾಗಿಸುವುದು ಎಂದೇ ಮಾತಾಡುತ್ತಿದ್ದೀರಿ. ಅದು ಮನೆಯಿಂದ ಹೊರಡದಂತೆ ಮಾಡುವುದು ಸುಲಭ.

ಉಟ್ರೆಕ್ಟ್ ಪಕ್ಕದಲ್ಲಿ ಹೌಟೆನ್ ಎಂಬ ಊರಿದೆ. ಊರ ಸುತ್ತ ಒಂದು ವರ್ತುಲ ರಸ್ತೆ. ಪ್ರತಿ ಬಡಾವಣೆಗೂ ಕಾರಿನಲ್ಲಿ ಹೋಗಬೇಕೆಂದರೆ ಆ ವರ್ತುಲದಿಂದಲೇ ಒಳಗೆ ಬರಬೇಕು. ಪಕ್ಕದ ಬಡಾವಣೆಯ ಗೆಳತಿಯ ಮನೆಗೆ ಕಾರಿನಲ್ಲಿ ಹೊರಟರೆ ವರ್ತುಲಕ್ಕೆ ಹೋಗಿ ಸುತ್ತಿ ಬರಬೇಕು. ಸೈಕಲ್ಲಿನಲ್ಲಾದರೆ ನೇರ ದಾರಿ. ಗ್ರೊನಿಂಗನ್ ನಗರ 1977ರಲ್ಲೇ ತನ್ನ ಹಳೆಯ ಪೇಟೆಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗದಿಂದ ಇನ್ನೊಂದಕ್ಕೆ ಕಾರು ನೇರ ಹೋಗದಂತೆ ಮಾಡಿತು.

ಸ್ಕೈಲೈನ್ಸ್ ಮೊದಲ ಭಾಗಕ್ಕೆ ಈ ವಿನ್ಯಾಸ ಹೇಳಿ ಮಾಡಿಸಿದ್ದು. ಏಕೆಂದರೆ ಆ ಆಟದ ಜನರಿಗೆ ನಡೆಯುವುದೆಂದರೆ ಪ್ರಾಣ. ಹೆದ್ದಾರಿಯ ಮೇಲೆ ಒಂದು ಕಾಲುಸೇತುವೆ ಹಾಕಿ ನೋಡಿ, ಜಾತ್ರೆಗೆ ಹೊರಟಂತೆ ಜನ ಹರಿಯುತ್ತಾರೆ. ಬಡಾವಣೆಗಳ ನಡುವೆ ರಸ್ತೆ ಕಿತ್ತು ಕಾಲುದಾರಿ ಹಾಕಿ. ಆಫ್ಟರ್ ಡಾರ್ಕ್ ವಿಸ್ತರಣೆ ಇದ್ದರೆ ಸೈಕಲ್ ದಾರಿಯೂ ಸಿಗುತ್ತದೆ.

ಹಳೇ ಸಿಮ್

ಚೆನ್ನಾಗಿದೆ. ಆದರೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಕಾಲುದಾರಿಯಲ್ಲಿ ನಡೆದು ಬರುವರೋ?

ಹೌಟೆನ್ ಹತ್ತಿರದವಳು

ಪ್ರತಿ ಬಡಾವಣೆಗೂ ಒಂದು ಸಣ್ಣ ಅಗ್ನಿಶಾಮಕ ಠಾಣೆ, ಒಂದು ಚಿಕಿತ್ಸಾಲಯ, ಒಂದು ಶಾಲೆ ಇಡಬೇಕು. ಖರ್ಚು ಹೆಚ್ಚು, ಒಪ್ಪುತ್ತೇನೆ. ಆದರೆ ಊರು 60 ಸಾವಿರ ದಾಟಿದ ಮೇಲೆ ಈ ಆಟದಲ್ಲಿ ಹಣಕ್ಕೆ ಬರವೆಲ್ಲಿದೆ? ಖಜಾನೆ ತುಂಬಿರುತ್ತದೆ, ರಸ್ತೆಯೂ ತುಂಬಿರುತ್ತದೆ.

ಸೊಪ್ಪಿನಬೆಟ್ಟ

ಶವವಾಹನದ ವಿಷಯ ಯಾರೂ ಎತ್ತಲಿಲ್ಲ. ಮೇಯರ್ ಅವರೇ, ನೀವು ಮನೆಗಳ ಪ್ರದೇಶವನ್ನು ಒಂದೇ ಸಲ ದೊಡ್ಡದಾಗಿ ಬಿಡಿಸಿದಿರಾ? ಹಾಗೆ ಮಾಡಿದರೆ ಹೆಚ್ಚುಕಡಿಮೆ ಒಂದೇ ವಯಸ್ಸಿನವರು ಒಟ್ಟಿಗೆ ಬಂದು ಸೇರುತ್ತಾರೆ. ಒಟ್ಟಿಗೆ ಬಂದವರು ಒಟ್ಟಿಗೆ ಮುದುಕರಾಗುತ್ತಾರೆ, ಒಟ್ಟಿಗೆ ಸಾಯುತ್ತಾರೆ. ಊರಿನ ಶವವಾಹನಗಳೆಲ್ಲ ಒಂದೇ ಬಡಾವಣೆಗೆ ಹೊರಡುತ್ತವೆ. ಹೆಣ ಮನೆಯಲ್ಲೇ ಉಳಿಯುತ್ತದೆ, ಮನೆ ಪಾಳು ಬೀಳುತ್ತದೆ, ಅದನ್ನು ಕೆಡವಿದರೆ ಮತ್ತೆ ಹೊಸಬರು ಒಟ್ಟಿಗೆ ಬರುತ್ತಾರೆ. ಇದೊಂದು ಚಕ್ರ. ಸಾವಿನ ಅಲೆ ಎಂದು ಹೆಸರು.

ಬಡಾವಣೆಯನ್ನು ಸ್ವಲ್ಪಸ್ವಲ್ಪವಾಗಿ, ಬಿಡುವು ಕೊಟ್ಟು ಬಿಡಿಸಿ. ಚಿತಾಗಾರಗಳನ್ನು ಊರ ಹೊರಗೆ ಒಂದೇ ಕಡೆ ಗುಡ್ಡೆ ಹಾಕದೆ ಹಂಚಿ ಇಡಿ. ನಿಮ್ಮ ತಲೆಬುರುಡೆಗಳಿಗೆ ಅರ್ಧ ಕಾರಣ ರಾಜಬೀದಿ, ಇನ್ನರ್ಧ ಇದು ಎಂದು ನನ್ನ ಊಹೆ.

ಹತ್ತನೇ ಅಡ್ಡರಸ್ತೆ

ಇಷ್ಟೆಲ್ಲ ಓದಿದ ಮೇಲೆ ಅನ್ನಿಸುವುದು ಒಂದೇ: ನಮ್ಮ ನಗರ ಯೋಜಕರಿಗೆಲ್ಲ ಒಂದು ತಿಂಗಳು ಈ ಆಟ ಆಡಿಸಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿ. ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಎತ್ತರಿಸಿದ ರಸ್ತೆ 2010ರಲ್ಲಿ ತೆರೆಯಿತು. ಮೇಲೆ ಜುಮ್ಮೆಂದು ಬಂದವರೆಲ್ಲ ಕೊನೆಗೆ ಇಳಿಯುವುದು ಹೊರವರ್ತುಲ ರಸ್ತೆ ಕೂಡುವ ಕಡೆಯ ಹತ್ತಿರವೇ. ಆಟದಲ್ಲಿ ಹತ್ತು ನಿಮಿಷ ಆಡಿದ ಹುಡುಗನಿಗೂ ಇದು ಗೊತ್ತಾಗುತ್ತದೆ.

ಸಿಗ್ನಲ್ ಕಂಬ

ಈ ಮಾತು ಪ್ರತಿ ಚರ್ಚೆಯಲ್ಲೂ ಬರುತ್ತದೆ, ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ.

ಮೇಲ್ಸೇತುವೆ ದಟ್ಟಣೆಯನ್ನು ಕರಗಿಸುವುದಿಲ್ಲ, ಇಳಿಯುವ ಜಾಗಕ್ಕೆ ಸಾಗಿಸುತ್ತದೆ ಎಂಬುದು ನಿಜ. ಮೇಯರ್ ಅವರ ಮೊದಲ ಪ್ರಶ್ನೆಗೂ ಅದೇ ಉತ್ತರ. ಆದರೆ ಆಟದಲ್ಲಿ ನೀವು ಬುಲ್ಡೋಜರ್ ಹರಿಸಿದರೆ ಪರಿಹಾರ ಕೊಡಬೇಕಿಲ್ಲ. ತಡೆಯಾಜ್ಞೆ ತರುವವರಿಲ್ಲ. ರಸ್ತೆಯಡಿ ಕುಡಿಯುವ ನೀರಿನ ಪೈಪು ಅಡ್ಡ ಬಂತೆಂದು ಕೆಲಸ ವರ್ಷ ನಿಲ್ಲುವುದಿಲ್ಲ. ಇನ್ನೂ ಮುಖ್ಯ, ಆಟದ ವಾಹನ ತನ್ನ ಲೇನ್ ಬಿಡುವುದಿಲ್ಲ. ನಮ್ಮಲ್ಲಿ ಬಸ್ಸು, ಆಟೋ, ಬೈಕ್ ಎಲ್ಲ ಸಿಕ್ಕ ಸಂದಿಯಲ್ಲಿ ತೂರುತ್ತವೆ. ಮೇಯರ್ ಅವರ ಖಾಲಿ ಎರಡು ಲೇನ್‌ಗಳ ಸಮಸ್ಯೆ ನಮ್ಮ ಯಾವ ಊರಿನಲ್ಲೂ ಹುಟ್ಟುವುದೇ ಇಲ್ಲ.

ಆಟ ಮೋಸ ಮಾಡುವ ಕಡೆಗಳನ್ನೂ ತಿಳಿದಿರಬೇಕು. ಬಹಳ ಹೊತ್ತು ಸಿಕ್ಕಿಬಿದ್ದ ವಾಹನವನ್ನು ಸ್ಕೈಲೈನ್ಸ್ ಸದ್ದಿಲ್ಲದೆ ಮಾಯ ಮಾಡುತ್ತದೆ. ನಡೆದು ಬಂದವನು ಬೇಕೆಂದಾಗ ಜೇಬಿನಿಂದ ತೆಗೆದಂತೆ ಕಾರು ಹತ್ತಿ ಹೊರಡುತ್ತಾನೆ. ಊರು ಎಷ್ಟೇ ದೊಡ್ಡದಾದರೂ ಒಮ್ಮೆಗೆ ಓಡಾಡುವ ವಾಹನಗಳು 16,384 ದಾಟುವುದಿಲ್ಲ, ಹೊರಗೆ ಕಾಣುವ ಜನರು 65,536 ದಾಟುವುದಿಲ್ಲ. ಮೂರು ಲಕ್ಷ ಜನರ ಊರು ಕಟ್ಟಿ ದಟ್ಟಣೆಯನ್ನು ಗೆದ್ದೆ ಎನ್ನುವವರಲ್ಲಿ ಕೆಲವರಿಗೆ ಗೆಲುವು ತಂದುಕೊಟ್ಟದ್ದು ಈ ಮಿತಿ.

ಪಾರ್ಕಿಂಗ್ ಇನ್ನೊಂದು ದೊಡ್ಡ ಸುಳ್ಳು. 2013ರ ಸಿಮ್‌ಸಿಟಿ ವಿನ್ಯಾಸಗೊಳಿಸಿದ ಸ್ಟೋನ್ ಲಿಬ್ರಾಂಡೆ ನಿಜವಾದ ಊರುಗಳ ಪಾರ್ಕಿಂಗ್ ಜಾಗ ಅಳೆದು ನೋಡಿ, ಅಷ್ಟನ್ನೂ ಇಟ್ಟರೆ ಆಟ ಬೇಸರ ತರಿಸುತ್ತದೆ ಎಂದು ಕೈಬಿಟ್ಟದ್ದನ್ನು ತಾವೇ ಹೇಳಿಕೊಂಡಿದ್ದಾರೆ.

ಲೇನ್ ಲೆಕ್ಕಿಗ

ಕಂಬದವರು ಒಂದನ್ನು ಬಿಟ್ಟರು. ಮೊದಲ ಆಟದಲ್ಲಿ ಬೆಳಗಿನ ನೂಕುನುಗ್ಗಲು ಎಂಬುದೇ ಇಲ್ಲ. ಮನೆಯಿಂದ ಕಚೇರಿಗೆ ಹೋಗುವಷ್ಟರಲ್ಲಿ ಆಟದ ಕ್ಯಾಲೆಂಡರಿನಲ್ಲಿ ದಿನಗಳೇ ಉರುಳಿರುತ್ತವೆ. ಎಲ್ಲರೂ ಎಲ್ಲ ಹೊತ್ತಿನಲ್ಲೂ ಹೊರಡುತ್ತಿರುತ್ತಾರೆ. ಹಾಗಾಗಿ ನಿಮ್ಮ ಊರಿನಲ್ಲಿ ದಟ್ಟಣೆ ಕಂಡರೆ, ಹೊತ್ತು ಕಳೆದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಅಲ್ಲಿ ನಕ್ಷೆಯೇ ಸರಿಯಿಲ್ಲ ಎಂದರ್ಥ.

2023ರ ಎರಡನೆಯ ಆಟದಲ್ಲಿ ಇದು ಬದಲಾಗಿದೆ. ಪ್ರತಿಯೊಬ್ಬರೂ ಸಮಯ, ಹಣ, ಆರಾಮ, ನಡವಳಿಕೆ ಎಂಬ ನಾಲ್ಕನ್ನು ತೂಗಿ ದಾರಿ ಆರಿಸುತ್ತಾರೆ. ಹದಿಹರೆಯದವರಿಗೆ ಅಗ್ಗದ ದಾರಿ ಬೇಕು, ದುಡಿಯುವವರಿಗೆ ಬೇಗ ತಲುಪಬೇಕು, ಹಿರಿಯರಿಗೆ ಆರಾಮ ಬೇಕು. ಪಾರ್ಕಿಂಗ್ ಕೂಡ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಪಾರ್ಕಿಂಗ್ ಶುಲ್ಕ ಏರಿಸಿದರೆ ಬಸ್ಸಿಗೆ ಜನ ಬರುತ್ತಾರೆ.

ಹತ್ತನೇ ಅಡ್ಡರಸ್ತೆ

ಹಾಗಾದರೆ ರಸ್ತೆ ಹೆಚ್ಚಿಸಿದರೆ ದಟ್ಟಣೆ ಹೆಚ್ಚುತ್ತದೆ ಎಂಬ ಸಿದ್ಧಾಂತ ಮೊದಲ ಆಟಕ್ಕೆ ಅನ್ವಯಿಸುವುದಿಲ್ಲವೇ?

ಸಿಗ್ನಲ್ ಕಂಬ

ಜರ್ಮನಿಯ ಗಣಿತಜ್ಞ ಬ್ರಾಯೆಸ್ 1968ರಲ್ಲಿ ತೋರಿಸಿದ್ದು ಅನ್ವಯಿಸುತ್ತದೆ. ಪ್ರತಿಯೊಬ್ಬನೂ ತನಗೆ ಬೇಗ ಎನಿಸುವ ದಾರಿ ಹಿಡಿದರೆ, ಹೊಸದೊಂದು ಅಡ್ಡದಾರಿ ಎಲ್ಲರ ಪ್ರಯಾಣವನ್ನೂ ನಿಧಾನ ಮಾಡಬಹುದು. ಆಟದಲ್ಲಿ ಇದನ್ನು ನೋಡಬೇಕೆಂದರೆ ಕೈಗಾರಿಕಾ ಪ್ರದೇಶದಿಂದ ಮನೆಗಳ ನಡುವೆ ಒಂದು ಕಿರುರಸ್ತೆ ಜೋಡಿಸಿ. ಲಾರಿಗಳೆಲ್ಲ ಅಲ್ಲಿಗೇ ನುಗ್ಗುತ್ತವೆ, ಶಾಲೆಯ ಮುಂದೆ ಸಾಲು ನಿಲ್ಲುತ್ತದೆ.

ದಕ್ಷಿಣ ಕೊರಿಯಾದ ಸೋಲ್ ನಗರ ಚಾಂಗ್ಯೆಚಾನ್ ತೊರೆಯ ಮೇಲಿದ್ದ ಎತ್ತರದ ರಸ್ತೆಯನ್ನು 2003ರಲ್ಲಿ ಕೆಡವಲು ಆರಂಭಿಸಿ 2005ರಲ್ಲಿ ತೊರೆಯನ್ನು ತೆರೆದಾಗ, ಊರು ಸ್ತಬ್ಧವಾಗುತ್ತದೆ ಎಂದು ಹೆದರಿದವರು ಬಹಳ, ಹಾಗಾಗಲಿಲ್ಲ. ನಿಜವಾದ ಮನುಷ್ಯ ಹೊರಡುವ ಹೊತ್ತು ಬದಲಿಸುತ್ತಾನೆ, ಇವತ್ತು ಬೇಡ ಎಂದು ಮನೆಯಲ್ಲೂ ಉಳಿಯುತ್ತಾನೆ. ಮೊದಲ ಆಟದವನು ಹೊತ್ತು ಬದಲಿಸುವುದಿಲ್ಲ, ಹೆಚ್ಚೆಂದರೆ ಮೆಟ್ರೋ ಹತ್ತುತ್ತಾನೆ. ಆದ್ದರಿಂದ ಅವನಿಗೆ ಮೆಟ್ರೋ ಕೊಡಿ. ಆಟದ ಬಸ್ಸಿಗೆ 30 ಜನ, ಮೆಟ್ರೋಗೆ 180.

ಹೊಳೆಯಾಚೆ ಮೇಯರ್

ಎಲ್ಲರಿಗೂ ಧನ್ಯವಾದ. ಮಾಡಿದ್ದನ್ನು ಹೇಳುತ್ತೇನೆ.

ಮಾರ್ಗಗಳ ನೋಟದಲ್ಲಿ ರಾಜಬೀದಿಯನ್ನು ಒತ್ತಿದೆ. ಸಾಲಿನಲ್ಲಿದ್ದವು ಬಹುತೇಕ ಲಾರಿಗಳೇ, ಎಲ್ಲವೂ ಊರಿನ ಹೊರಗೆ ಹೊರಟವು. ಕೈಗಾರಿಕಾ ಪ್ರದೇಶದ ಹಿಂಬದಿಯಿಂದ ಹೆದ್ದಾರಿಗೆ ಪ್ರತ್ಯೇಕ ಸಂಪರ್ಕ ಕೊಟ್ಟೆ, ರ‍್ಯಾಂಪ್ ಎರಡು ಪಥ, ಲೇನ್ ಲೆಕ್ಕಿಗರು ಹೇಳಿದಂತೆಯೇ. ರಾಜಬೀದಿಯ ಅಡ್ಡರಸ್ತೆಗಳನ್ನು ನಾಲ್ಕಕ್ಕೆ ಇಳಿಸಿದೆ. ಮೂರಕ್ಕೆ ಇಳಿಸಲು ಮನಸ್ಸಾಗಲಿಲ್ಲ, ಒಂದರ ತುದಿಯಲ್ಲಿ ಚೆಂದದ ಉದ್ಯಾನವಿದೆ. ಮನೆಗಳ ಕಡೆಯನ್ನು ಬೇರೆ ಡಿಸ್ಟ್ರಿಕ್ಟ್ (ಪ್ರತ್ಯೇಕ ನಿಯಮ ಹಾಕಬಹುದಾದ ವಿಭಾಗ) ಮಾಡಿ ಭಾರಿ ವಾಹನ ನಿಷೇಧ ನೀತಿ ಹಾಕಿದೆ. ಹೌಟೆನ್‌ನವರ ಮಾತಿನಂತೆ ಎರಡು ಬಡಾವಣೆಗಳ ನಡುವಿನ ರಸ್ತೆ ತೆಗೆದು ಕಾಲುದಾರಿ ಹಾಕಿದೆ. ಜನ ನಿಜವಾಗಿಯೂ ಜಾತ್ರೆಯಂತೆ ಹರಿಯುತ್ತಿದ್ದಾರೆ.

ಹರಿವು ಶೇ 79ಕ್ಕೆ ಬಂದಿದೆ. ಲಾರಿ ಇನ್ನೂ ಕಡಿಮೆಯಾಗಲಿ ಎಂದು ಕೈಗಾರಿಕಾ ಪ್ರದೇಶದಲ್ಲಿ ಸರಕು ರೈಲು ನಿಲ್ದಾಣ ಇಟ್ಟೆ. ಈಗ ಲಾರಿಗಳೆಲ್ಲ ಆ ನಿಲ್ದಾಣದ ಬಾಗಿಲಲ್ಲಿ ನಿಂತಿವೆ, ಪ್ರಯಾಣಿಕರ ರೈಲುಗಳು ಸರಕು ರೈಲುಗಳ ಹಿಂದೆ ಸಿಕ್ಕಿಕೊಂಡಿವೆ.

ಹಳೇ ಸಿಮ್

ಬಾಗಿಲು ಬದಲಾಯಿತು, ಸಾಲು ಬದಲಾಗಲಿಲ್ಲ. ಸ್ವಾಗತ.

ಲೇನ್ ಲೆಕ್ಕಿಗ

ನಿಲ್ದಾಣವನ್ನು ಎರಡು ದಿಕ್ಕಿನ ರಸ್ತೆಯ ಪಕ್ಕ ಇಡಬೇಡಿ. ಅದರ ಮುಂದೆ ಏಕಮುಖದ ಒಂದು ಕುಣಿಕೆ ಹಾಕಿ. ಲಾರಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ, ಎದುರಿನ ಲೇನನ್ನು ದಾಟಿ ತಿರುಗುವ ಪ್ರಸಂಗವೇ ಬಾರದಿರಲಿ. ನಿಮ್ಮದು ಎಡಬದಿ ಸಂಚಾರ, ಕುಣಿಕೆಯನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ ಎಳೆಯಿರಿ. ಬಲಬದಿ ಸಂಚಾರದ ಯೂಟ್ಯೂಬ್ ವಿಡಿಯೊ ನೋಡಿ ಎಳೆದರೆ ಅಪ್ರದಕ್ಷಿಣೆಯಾಗುತ್ತದೆ. ಒಂದು ನಿಲ್ದಾಣ ಸಾಲದಿದ್ದರೆ ಪಕ್ಕದಲ್ಲೇ ಇನ್ನೊಂದನ್ನು ಇಡದೆ ಪ್ರದೇಶದ ಇನ್ನೊಂದು ತುದಿಗೆ ಇಡಿ.

ಹಳಿಯ ವಿಷಯ: ಹೊರಗಿನ ಊರುಗಳಿಂದ ಬರುವ ಸರಕು ರೈಲಿಗೂ ಊರೊಳಗಿನ ಪ್ರಯಾಣಿಕ ರೈಲಿಗೂ ಒಂದೇ ಹಳಿ ಕೊಟ್ಟಿದ್ದೀರಿ. ಪ್ರಯಾಣಿಕರ ಜಾಲವನ್ನು ಪೂರ್ತಿ ಬೇರ್ಪಡಿಸಿ, ಹೊರಸಂಪರ್ಕವನ್ನು ಸರಕಿಗೆ ಬಿಟ್ಟುಕೊಡಿ.

ಹೊಳೆಯಾಚೆ ಮೇಯರ್

ಹಳಿ ಬೇರ್ಪಡಿಸಿದರೆ ಪ್ರವಾಸಿಗರು ರೈಲಿನಲ್ಲಿ ಬರುವುದು ನಿಲ್ಲುತ್ತದೆಯಲ್ಲವೇ?

ಲೇನ್ ಲೆಕ್ಕಿಗ

ನಿಲ್ಲುತ್ತದೆ. ಊರ ಅಂಚಿನಲ್ಲಿ ಹೊರಗಿನ ಹಳಿಗೆ ಒಂದೇ ಒಂದು ಪ್ರಯಾಣಿಕ ನಿಲ್ದಾಣ ಉಳಿಸಿಕೊಂಡು, ಅಲ್ಲಿಂದ ಊರೊಳಕ್ಕೆ ಮೆಟ್ರೋ ಎಳೆಯಿರಿ. ಸರಕು ನಿಲ್ದಾಣಕ್ಕೆ ಹೋಗುವ ಕವಲು ಆ ನಿಲ್ದಾಣಕ್ಕಿಂತ ಮೊದಲೇ ಒಡೆಯಲಿ, ಇಲ್ಲದಿದ್ದರೆ ಇನ್ನೊಂದು ಚರ್ಚೆ ಆರಂಭಿಸಬೇಕಾಗುತ್ತದೆ.